ರೋಗಿಯ ನೆಮ್ಮದಿ

ಹೆಸರು ಅಷ್ಟು ಸುಲಭಕ್ಕೆ ಅಳಿಸಲಿಲ್ಲ. ವರ್ನಾನ್ ಟಿಲ್ಮನ್ ಹೆಬ್ಬೆರಳಿನಿಂದ ಎರಡು ಸಲ ಉಜ್ಜಿದ. ಬಿಳಿ ಹಲಗೆಯ ಮೇಲೆ, 412ನೇ ಕೋಣೆಯ ಚೌಕದಲ್ಲಿ, ಜನೀವಾ ಎಂಬ ಹೆಸರಿನ ಬಾಲ ಮಾತ್ರ ಉಳಿಯಿತು. ಅದರ ಮೇಲೆಯೇ ಇನ್ನೊಬ್ಬ ನರ್ಸು ಹೈಡಿಯ ಹೆಸರು ಬರೆದ.

"ಕಾರಣ ಏನಂತ ಹಾಕ್ಲಿ?"

"ರೋಗಿಯ ನೆಮ್ಮದಿ ಅಂತ ಹಾಕ್ಬಿಡಿ," ಎಂದಳು ಮ್ಯಾನೇಜರ್ ಕ್ಯಾರಲ್ ಲಿಂಡ್‌ಕ್ವಿಸ್ಟ್. "ಎಂಬತ್ತೊಂದು ವರ್ಷದ ಮುದುಕ, ವರ್ನಾನ್. ಸೊಂಟ ಬೇರೆ ಮುರಿದಿದೆ. ಈಗ ಅವನನ್ನ ತಿದ್ದೋಕಾಗುತ್ತಾ?"

"ಇಲ್ಲ."

"ನಂಗೂ ಇದು ಸರಿ ಅನ್ಸಲ್ಲ. ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಕ್ಯಾರಲ್‌ಗೆ ಇಂಥದ್ದು ಯಾವತ್ತೂ ಸರಿ ಅನ್ನಿಸಿದ್ದಿಲ್ಲ. ಆದರೂ ಎಲ್ಲ ಸಾಂಗವಾಗಿ ನಡೆದುಹೋಗುತ್ತಿತ್ತು.

412ರ ಹ್ಯಾಸ್ಕೆಲ್ ಎಂಬ ಮುದುಕ ಬೆಳಿಗ್ಗೆ ಹೇಳಿದ್ದು ಇಷ್ಟೆ: ಕರಿಯರ ಕೈ ನನ್ನ ಮೈಗೆ ತಾಗಬಾರದು. ಆಸ್ಪತ್ರೆಯಲ್ಲಿ ಇದಕ್ಕೆ ನಿಯಮವಿಲ್ಲ, ರೂಢಿಯಿದೆ. ರೋಗಿ ಮ್ಯಾನೇಜರಿಗೆ ಹೇಳುತ್ತಾನೆ, ಮ್ಯಾನೇಜರು ಮಹಡಿಯ ಮುಖ್ಯ ನರ್ಸಿಗೆ ಹೇಳುತ್ತಾಳೆ, ಮುಖ್ಯ ನರ್ಸು ಹಲಗೆ ಒರೆಸುತ್ತಾನೆ. ನಾಲ್ಕನೇ ಮಹಡಿಯ ಮುಖ್ಯ ನರ್ಸು ವರ್ನಾನ್, ಎಂ.ಎಸ್ಸಿ., ಇಪ್ಪತ್ತೆರಡು ವರ್ಷದ ಅನುಭವ, ತಾನೂ ಕರಿಯ. ಒಂದು ಕಾಲಕ್ಕೆ ಇದೇ ಹಲಗೆಯಿಂದ ಅವನ ಹೆಸರೂ ಹೀಗೇ ಹೋಗಿತ್ತು. ಅಂದು ರಾತ್ರಿಯೆಲ್ಲ ಅವನಿಗೆ ನಿದ್ದೆ ಬಂದಿರಲಿಲ್ಲ. ಈಗ ಬರುತ್ತದೆ.

ಜನೀವಾ ಪೆಟ್‌ವೇ ಔಷಧದ ಗಾಡಿ ತಳ್ಳಿಕೊಂಡು ಬಂದವಳು ಹಲಗೆಯನ್ನು ಓದಿದಳು. ಇಪ್ಪತ್ತೇಳು ವರ್ಷದ ಅವಳಿಗೆ ಸೂಜಿ ಹಿಡಿಯುವುದನ್ನು ಕಲಿಸಿದವನು ವರ್ನಾನನೇ. ಈಗ ಅವಳು ಅವನನ್ನೂ ಮೀರಿಸಿದ್ದಳು.

"ಹೈಡಿಗೆ ನರ ಸಿಗಲ್ಲ, ಮಿಸ್ಟರ್ ಟಿಲ್ಮನ್. ಮೂರು ಕಡೆ ಚುಚ್ತಾಳೆ."

"ಗೊತ್ತು."

"ಚುಚ್ಚಿಸ್ಕೊಳ್ಳೋದೇ ನೆಮ್ಮದಿ ಅನ್ನೋದಾದ್ರೆ ಸರಿ, ಬಿಡಿ."

ವರ್ನಾನ್ ಅತ್ತಿತ್ತ ನೋಡಿದ. "ಮಧ್ಯಾಹ್ನ ಸಭೆ ಇದೆ. ಅಲ್ಲಿ ಮಾತಾಡ್ತೀನಿ."

"ಮಾತಾಡಿ ಅಂತ ನಾನೆಲ್ಲಿ ಕೇಳ್ದೆ? ನನ್ನ ಹೆಸರು ವಾಪಸ್ ಬರೀರಿ ಅಂತಿದೀನಿ."

"ಅದು ಮೇಲಿನವರು..."

"ಪೆನ್ನು ನಿಮ್ಮ ಕೈಯಲ್ಲೇ ಇದೆಯಲ್ಲ."

ನೋಡಿದರೆ ಹೌದು, ಇತ್ತು. ಅವನು ಅದನ್ನು ಜೇಬಿಗೆ ಸೇರಿಸಿದ.

"ಜಗಳಕ್ಕೆ ಬಂದಿಲ್ಲ ನಾನು," ಎಂದಳು ಜನೀವಾ. "ಸಾಕಾಗಿದೆ, ಅಷ್ಟೆ. ಕೆಳಗಿನ ಆಫೀಸು ಮೂರಕ್ಕೆ ಮುಚ್ಚುತ್ತೆ. ಅಷ್ಟರೊಳಗೆ ಹೆಸರು ಬರದಿದ್ರೆ ರಾಜೀನಾಮೆ ಕೊಟ್ಟು ಬರ್ತೀನಿ. ನದಿಯಾಚೆ ಆಸ್ಪತ್ರೆಯವರು ಕರೀತಾನೇ ಇದಾರೆ."

ಗಾಡಿ ಮುಂದೆ ಹೋಯಿತು. ಅವಳು ಹೋದರೆ ಈ ಮಹಡಿಯಲ್ಲಿ ಕರಿಯನೆಂದು ತಾನೊಬ್ಬನೇ ಉಳಿಯುತ್ತೇನೆ ಎಂದು ನೆನೆದು ವರ್ನಾನ್ ಹೆದರಿದ. ಅವಳ ಚಿಂತೆಗಿಂತ ತನ್ನದೇ ಮೊದಲು ಬಂತಲ್ಲ ಎಂದು ಆಮೇಲೆ ನಾಚಿಕೆಯೂ ಆಯಿತು.

ಫೆಬ್ರುವರಿ ಬಂದರೆ ಸಾಕು, ಕರಿಯರ ಚರಿತ್ರೆ ನೆನೆಯುವ ತಿಂಗಳೆಂದು ಕೆಳಗಿನ ಊಟದ ಹಾಲಿನಲ್ಲಿ ಮನಬಿಚ್ಚಿ ಮಾತಾಡುವ ಸಭೆ. ಅಂದು ಅಡುಗೆಯವರು ಕರಿಯರ ಮನೆಯೂಟವೆಂದು ಜೋಳದ ಬ್ರೆಡ್ಡು, ಬೇಯಿಸಿದ ಸೊಪ್ಪು ಮಾಡುತ್ತಾರೆ. ವರ್ನಾನ್ ಮಾತಾಡುತ್ತಾನೆ. ತೊಲೀಡೋ ನಗರದ ಹೋಟೆಲೊಂದರಲ್ಲಿ ಹಾಸಿಗೆ ಬದಲಿಸುತ್ತಿದ್ದ ತನ್ನ ತಾಯಿ ಹಿಂಬಾಗಿಲಿನಿಂದಲೇ ಬರಬೇಕಿತ್ತು ಎಂಬ ಕಥೆ. ಹನ್ನೊಂದು ವರ್ಷದಿಂದ ಅದೇ. ಯಾರಿಗೂ ಚುಚ್ಚದ ಹಾಗೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಬೇಕು ಎಂಬುದು ಅವನಿಗೆ ಬಾಯಿಪಾಠ. ಆ ತಾಯಿ ತೀರಿಕೊಂಡಾಗ ರಜೆ ಹಾಕಿ ಹೋಗಿಬಂದ, ಯಾರಿಗೂ ಹೇಳಿರಲಿಲ್ಲ.

ಇವತ್ತು ಅವನು ಆ ಕಥೆ ಬರೆದಿಟ್ಟ ಕಾಗದವನ್ನು ಜೇಬಿನಿಂದ ತೆಗೆಯಲಿಲ್ಲ.

"ಇವತ್ತು ಬೆಳಿಗ್ಗೆ ಒಬ್ಬ ರೋಗಿ ಕರಿಯ ನರ್ಸು ಬೇಡ ಅಂದ," ಎಂದು ಶುರುಮಾಡಿದ. "ನಾವು ಆಗಲಿ ಅಂದ್ವಿ. ಅವಳ ಹೆಸರು ಅಳಿಸಿದ್ದು ಈ ಕೈ. ನೋಡಿ, ಬೆರಳಲ್ಲಿ ಮಸಿ ಇನ್ನೂ ಇದೆ."

ನಿಲ್ಲಿಸದೆ ಹೇಳಿದ: ಇದು ಮೊದಲ ಸಲವಲ್ಲ ಎಂದ, ನಮ್ಮಲ್ಲಿ ಇದಕ್ಕೊಂದು ಒಳ್ಳೆಯ ಹೆಸರಿದೆ ಎಂದ, ನನಗೆ ನನ್ನ ಮುಖ ನೋಡಿಕೊಳ್ಳಲು ಅಸಹ್ಯವಾಗುತ್ತದೆ ಎಂದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಿಜ ಆಡಿದ್ದ. ಬೈಗುಳಕ್ಕೆ ಕಾದು ನಿಂತ.

ಯಾರೋ ಬಿಕ್ಕಿದರು. ಆಸ್ಪತ್ರೆಯ ನಿರ್ದೇಶಕರು ಎದ್ದು ಬಂದು ಅವನನ್ನು ತಬ್ಬಿಕೊಂಡರು. "ಇದಕ್ಕೆ ಎಂಟೆದೆ ಬೇಕು," ಎಂದರು ಮೈಕಿನಲ್ಲಿ. "ಇದನ್ನ ಪೂರ್ತಿ ವಿಡಿಯೋ ಮಾಡಿದೀವಿ. ಹೊಸದಾಗಿ ಸೇರೋ ಪ್ರತಿಯೊಬ್ಬರಿಗೂ ತೋರಿಸ್ತೀವಿ." ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕ್ಯಾರಲ್ ಕಣ್ಣೊರೆಸಿಕೊಂಡಳು. ಯಾವ ಕೋಣೆ, ಯಾವ ನರ್ಸು ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಸೊಪ್ಪಿನ ಸಾಲಿನಲ್ಲಿ ನಿಂತರು.

ಜನೀವಾ ಗೋಡೆಗೊರಗಿ ನಿಂತಿದ್ದವಳು ಹೊರಗೆ ನಡೆದಳು. ವರ್ನಾನ್ ಮೆಟ್ಟಿಲ ಹತ್ತಿರ ಅವಳನ್ನು ಹಿಡಿದ.

"ಹೇಳಿದೆನಲ್ಲ, ಜನೀವಾ. ಸುಳ್ಳೇನಾದ್ರೂ ಹೇಳಿದ್ನಾ?"

"ಇಲ್ಲಪ್ಪ. ಚೆನ್ನಾಗಿ ಹೇಳಿದ್ರಿ. ಪಾಪ, ನಿಮಗೆಷ್ಟು ನೋವಾಗಿದೆ ಅಂತ ಎಲ್ಲರೂ ಅತ್ರು." ಅವಳ ದನಿಯಲ್ಲಿ ಕೋಪವೂ ಇರಲಿಲ್ಲ. "ಈಗ ಹಲಗೆ ಮೇಲೆ ಯಾರ ಹೆಸರಿದೆ?"

ಅವನು ಗಡಿಯಾರ ನೋಡಿದ.

ಎರಡೂಮುಕ್ಕಾಲು. ವರ್ನಾನ್ ಮೆಟ್ಟಿಲು ಹತ್ತಿ ನೇರ 412ಕ್ಕೆ ಹೋದ. ಮೊದಲು ಮುದುಕನ ಮುಖಕ್ಕೇ ಹೇಳಿಬಿಡಬೇಕು, ಆಮೇಲೆ ಹಲಗೆ. ಮಾತು ನಾಲಿಗೆಯ ತುದಿಯಲ್ಲಿತ್ತು: ನಿಮ್ಮ ನರ್ಸು ಜನೀವಾ ಪೆಟ್‌ವೇ, ಅವಳು ಬೇಡ ಅನ್ನೋದಾದ್ರೆ ನನಗೆ ಹೇಳಿ. ಎದೆ ಹೊಡೆದುಕೊಳ್ಳುತ್ತಿತ್ತು. ತಾನಿನ್ನೂ ಬದುಕಿದ್ದೇನೆ ಅನ್ನಿಸಿ ಒಂದು ಕ್ಷಣ ಖುಷಿಯೂ ಆಯಿತು.

ಹ್ಯಾಸ್ಕೆಲ್ ಟಿ.ವಿ. ನೋಡುತ್ತಿದ್ದ. ಬತ್ತಿದ ತೋಳಿನ ಮೇಲೆ ಮೂರು ಕಡೆ ಹತ್ತಿ ಅಂಟಿಸಿತ್ತು, ಒಂದರ ಸುತ್ತ ನೀಲಿಗಟ್ಟಿತ್ತು.

"ಅಂತೂ ಬಂದ್ಯಲ್ಲ," ಎಂದ. "ತಟ್ಟೆ ತಗೊಂಡ್ ಹೋಗು. ಸೂಪು ತಣ್ಣಗಿತ್ತು."

"ನಾನು..."

"ನಿನ್ನ ತಪ್ಪಲ್ಲ ಬಿಡು ಮರಿ. ನೀನು ಹೊರೋನು, ಅಷ್ಟೆ. ಬೇಯಿಸೋರಿಗೆ ಹೇಳು."

ದನಿ ಮೃದುವಾಗಿತ್ತು. ಅದರಲ್ಲಿ ಸ್ವಲ್ಪವಾದರೂ ವಿಷವಿದ್ದಿದ್ದರೆ ವರ್ನಾನನಿಗೆ ಆಸರೆಯಾಗುತ್ತಿತ್ತೇನೋ. ಐವತ್ತರ ಹತ್ತಿರ ಬಂದ ಗಂಡಸು, ಎದೆಯ ಮೇಲೆ ಹೆಸರು, ಪದವಿ ಎಲ್ಲ ತೂಗುತ್ತಿದೆ. ಮುದುಕ ಮತ್ತೆ ಟಿ.ವಿ.ಗೆ ತಿರುಗಿದ. "ಸರಿ ಸರ್," ಎಂದಿತು ಯಾರದೋ ದನಿ. ಅದು ತನ್ನದೇ ಎಂದು ತಿಳಿಯುವಷ್ಟರಲ್ಲಿ ಊಟದ ತಟ್ಟೆ ಅವನ ಎರಡೂ ಕೈಯಲ್ಲಿತ್ತು, ಅವನು ಹೊರಗಿದ್ದ.

ಲಿಫ್ಟಿನಿಂದ ಸಭೆ ಮುಗಿಸಿದವರು ಇಳಿದರು. "ಕಣ್ಣಲ್ಲಿ ನೀರು ತರಿಸಿಬಿಟ್ರಿ ಕಣ್ರೀ," ಎಂದು ಒಬ್ಬ ಹೆಗಲು ತಟ್ಟಿ, ತನ್ನ ಖಾಲಿ ಕಾಫಿ ಲೋಟವನ್ನು ಆ ತಟ್ಟೆಯ ಮೇಲಿಟ್ಟ. ಹಿಂದೆ ಬಂದವಳು, "ಇಂಥ ಮಾತು ಬೇಕಿತ್ತು," ಎಂದು ಬ್ರೆಡ್ಡಿನ ಚೂರಿದ್ದ ಕಾಗದದ ತಟ್ಟೆಯನ್ನು ಇಟ್ಟಳು. ಕ್ಯಾರಲ್ ಅವನ ತೋಳು ಒತ್ತಿ, ಕಣ್ಣೊರೆಸಿದ ಕಾಗದವನ್ನು ಮುದ್ದೆ ಮಾಡಿ ಲೋಟದೊಳಗೆ ತುರುಕಿ ಹೋದಳು.

ಅವರು ಇಳಿದ ಲಿಫ್ಟಿನೊಳಗೆ, ಕೆಳಗಿನ ಆಫೀಸಿಗೆ ಹೊರಟ ಜನೀವಾ ನಿಂತಿದ್ದಳು. ಕೈಯಲ್ಲಿ ರಾಜೀನಾಮೆಯ ಲಕೋಟೆ. ಬಾಗಿಲು ಮುಚ್ಚಿಕೊಳ್ಳದಂತೆ ಇನ್ನೊಂದು ಅಂಗೈ ಅಡ್ಡ ಹಿಡಿದು ಅವನನ್ನೇ ನೋಡುತ್ತಿದ್ದಳು. ಕಾಯುತ್ತಿದ್ದಳು.

ವರ್ನಾನ್ ಅವಳತ್ತ ಒಂದು ಹೆಜ್ಜೆ ಇಟ್ಟ. ಲೋಟ, ಸೂಪಿನ ಬಟ್ಟಲು ವಾಲಿದವು. ಅವನು ಥಟ್ಟನೆ ನಿಂತು, ಉಸಿರು ಬಿಗಿಹಿಡಿದು, ಒಂದೂ ಬೀಳದ ಹಾಗೆ ತಟ್ಟೆಯನ್ನು ಸಮ ಮಾಡಿದ.