ಗಂಡನ ಟೋಪಿ ಹೊರಗಿರಲಿ

ರಾತ್ರಿ ಹನ್ನೊಂದರ ಹೊತ್ತಿಗೆ ಅಡುಗೆಮನೆಯಿಂದ ಕರಕರ ಸದ್ದು ಕೇಳಿಸಿತು. ಇಲಿಯೆಂದುಕೊಂಡೆ. ಆದರೆ ಇಲಿ ನಡುನಡುವೆ ನಿಂತು ಮಸಿಯಲ್ಲಿ ಅದ್ದಿಕೊಳ್ಳುವುದಿಲ್ಲ. ಅದು ನನ್ನ ಗಂಡ ಓಬೆಡ್ ಅವರ ಲೇಖನಿ.

ಬೆಳಿಗ್ಗೆ ಅವರು ಕೊಟ್ಟಿಗೆಗೆ ಹೋದದ್ದೇ ಮೇಜಿನ ಖಾನೆ ಎಳೆದು ನೋಡಿದೆ. 'ಲವಿನಿಯಾ ಟಾಲಿವರ್ ಎಂಬಾಕೆಯನ್ನು ಗಂಡನಿಲ್ಲದ ಕಡೆ ಏಕಾಂತದಲ್ಲಿ ವಿಚಾರಿಸಲಾಗಿ, ಗಂಡನ ಭಯವಾಗಲಿ ಬಲವಂತವಾಗಲಿ ಇಲ್ಲದೆ ಜಮೀನು ಕೊಡುತ್ತಿರುವುದಾಗಿ ತಿಳಿಸಿದ್ದಾರೆ.' ಕೆಳಗೆ ನ್ಯಾಯಾಧಿಕಾರಿಯ ರುಜು: ಓಬೆಡ್ ಟಾಲಿವರ್. ಕೆರೊಲಿನಾದ ನಮ್ಮ ಕಣಿವೆಗೆಲ್ಲ ನ್ಯಾಯಾಧಿಕಾರಿ ಅವರೊಬ್ಬರೇ; ಇನ್ನೊಬ್ಬರು ನದಿಯಾಚೆ ಕೀಲುನೋವಿನಿಂದ ಮಲಗಿದ್ದರು.

ನಾನು ಆ ಕಾಗದವನ್ನು ಎರಡು ಸಲ ಓದಿದೆ. ಹೆಂಡತಿಯ ಜಮೀನು ಬರೆದುಕೊಡುವ ಮುನ್ನ ಆಕೆಯನ್ನು ಹೀಗೆ ವಿಚಾರಿಸಬೇಕೆಂಬುದು ಕಾನೂನು. ಭಾಷೆ ಚೆನ್ನಾಗಿತ್ತು. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ, ಅಷ್ಟೇ.

ಜಮೀನೆಂದರೆ ಅಮ್ಮನಿಂದ ನನಗೆ ಬಂದ ಎರಡು ಎಕರೆ. ಅದರಲ್ಲೊಂದು ಒರತೆ, ಒರತೆಯ ಮೇಲೆ ಕಲ್ಲಿನ ಪುಟ್ಟ ಗೂಡು. ಅಲ್ಲಿನ ತಣ್ಣೀರಿನಲ್ಲಿ ನನ್ನ ಹಾಲು ಬೆಣ್ಣೆಯ ಮಡಕೆಗಳು ನಿಂತಿರುತ್ತವೆ. ಆಗಸ್ಟಿನ ಸೆಕೆಯಲ್ಲೂ ಕರಗದ ಬೆಣ್ಣೆ ಬೇಕಾದವರು ನನ್ನಲ್ಲಿಗೇ ಬರಬೇಕು. ಆ ಜಾಗವನ್ನು ಪಕ್ಕದ ಕೇಲಬ್ ರಿಗ್ಸ್‌ಗೆ ಬರೆದುಕೊಟ್ಟರೆ ಅವನು ತನ್ನ ಕಪ್ಪು ಹೆಣ್ಣುಕುದುರೆಯನ್ನು ಕೊಡುತ್ತಾನೆ. ಓಬೆಡ್ ಆಗಲೇ ಅದಕ್ಕೆ ಜೂನೋ ಎಂದು ಹೆಸರಿಟ್ಟಾಗಿತ್ತು. ನಾನು "ನೋಡೋಣ" ಎಂದದ್ದಕ್ಕೆ ಮೂರು ದಿನದಿಂದ ನನ್ನೊಡನೆ ಮಾತಿಲ್ಲ. ಇಲ್ಲ ಎನ್ನಲು ನನಗೆ ಬಾಯಿ ಬಂದಿರಲಿಲ್ಲ. ಗ್ರೀನ್ಸ್‌ಬರೋದ ಕಾಲೇಜಿನಲ್ಲಿ ಲ್ಯಾಟಿನ್ ಕಲಿಸಿದರು, ಅದನ್ನು ಕಲಿಸಲಿಲ್ಲ.

ಹತ್ತು ಗಂಟೆಗೆ ಕೇಲಬ್ ಕುದುರೆಯನ್ನು ಬೇಲಿಗೆ ಕಟ್ಟಿ ಜಗಲಿಯಲ್ಲಿ ಕೂತ. ಓಬೆಡ್ ಕಾಗದ ತಂದು ಹರಡಿದರು.

"ಲವಿನಿಯಾ, ಇಲ್ಲೊಂದು ರುಜು ಹಾಕು." ಮೂರು ದಿನದ ಮೇಲೆ ಮೊದಲ ಮಾತು.

ನಾನು ಲೇಖನಿ ಮುಟ್ಟಲಿಲ್ಲ. "ಕೇಲಬ್, ನನ್ನನ್ನ ಇನ್ನೂ ಯಾರೂ ವಿಚಾರಿಸಿಲ್ಲಪ್ಪ" ಎಂದೆ.

ಕೇಲಬ್ ಬೆಂಕಿ ತುಳಿದವನಂತೆ ಎದ್ದ. "ಅಯ್ಯಯ್ಯೋ! ಹೀಗೇ ಹೆಂಡ್ತೀನ ಕೇಳ್ದೇ ಬರೆಸ್ಕೊಂಡು ನಮ್ಮಪ್ಪ ನಲವತ್ತು ಎಕರೆ ಕಳ್ಕೊಂಡ. ಓಬೆಡಣ್ಣ, ಒಳಗೆ ಕರ್ಕೊಂಡ್ಹೋಗಿ ಕೇಳು. ಗಂಡ ಮಾತ್ರ ಅಲ್ಲಿರಬಾರ್ದು!"

"ಗಂಡ ನಾನೇ ಅಲ್ವೇನೋ?"

"ಅದು ನಿನ್ನ ತಾಪತ್ರಯ."

ಓಬೆಡ್ ತಲೆಯ ಮೇಲಿನ ಹುಲ್ಲಿನ ಟೋಪಿ ತೆಗೆದು ಕೇಲಬ್‌ನ ಕೈಗಿಟ್ಟರು. "ತಗೋ, ಗಂಡ ಇಲ್ಲಿದಾನೆ. ಒಳಗೆ ಬರದ ಹಾಗೆ ನೋಡ್ಕೊ." ಕಾಗದ ಎತ್ತಿಕೊಂಡು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು; ಕಚೇರಿಯ ಕರಿ ಕೋಟು ತೊಟ್ಟು ಎದುರಿಗೆ ಕೂತರು. ಕೇಲಬ್ ಟೋಪಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದದ್ದು ಕಿಟಕಿಯಿಂದ ಕಾಣಿಸಿತು.

"ಹೂಂ, ಹೇಳೀಮ್ಮ" ಎಂದರು ಕಚೇರಿಯ ದನಿಯಲ್ಲಿ. ಹದಿನಾಲ್ಕು ವರ್ಷದಲ್ಲಿ ಅವರು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಅದರಿಂದ ನನಗೆ ಧೈರ್ಯ ಬಂತು.

"ಸಾಹೇಬ್ರೇ, ಇಲ್ಲಿ ಆಡಿದ್ದು ನಮ್ಮ ಯಜಮಾನ್ರ ಕಿವಿಗೆ ಬೀಳಲ್ಲ ತಾನೆ?"

"ಬೀಳಕೂಡದು. ಅದೇ ಕಾನೂನು."

"ಹಾಗಾದ್ರೆ ನನಗೆ ಆ ಒರತೆ ಕೊಡೋಕೆ ಇಷ್ಟ ಇಲ್ಲ."

ಅವರು ಕೋಟಿನ ಗುಂಡಿ ಹಾಕಿಕೊಂಡರು. "ನಿಮ್ಮ ಯಜಮಾನ್ರು... ಹೆದರಿಸಿದ್ರಾ?"

"ಛೆ, ಒಳ್ಳೆಯವ್ರು. ಆದ್ರೆ ಮೂರು ದಿನದಿಂದ ಮಾತಿಲ್ಲ. ಊಟಕ್ಕೆ ಕೂತ್ರೆ ತಟ್ಟೆಲಿರೋ ಸಾರಲ್ಲಿ ಚಮಚದಿಂದ ಕುದುರೆ ಬರೀತಾರೆ. ಬಾಲ ಕೂಡ. ಇದು ಬಲವಂತ ಆಗುತ್ತೋ ಇಲ್ವೋ, ತಿಳಿದವ್ರು ನೀವೇ ಹೇಳ್ಬೇಕು."

"ಆಗ... ಆಗಬಹುದು" ಎಂದರು. ಕಿವಿ ಕೆಂಪಾಗಿತ್ತು.

"ಇನ್ನೊಂದು, ಸಾಹೇಬ್ರೇ. ಹೆಂಗಸನ್ನ ಕೇಳದೇನೇ ಕೇಳಿದ್ದೀನಿ ಅಂತ ರಾತ್ರಿ ಬರೆದಿಟ್ಟುಕೊಳ್ಳೋ ಅಧಿಕಾರಿಗೆ ಏನು ಶಿಕ್ಷೆ?"

ಅವರು ಎದ್ದು, ರಾತ್ರಿ ಬರೆದಿದ್ದ ಆ ಕಾಗದವನ್ನು ಒಲೆಗೆ ಹಾಕಿದರು. ಅದು ಪೂರ್ತಿ ಉರಿಯುವವರೆಗೂ ನಿಂತಿದ್ದರು. ಹೊರಗೆ ಹೋಗಿ ಟೋಪಿ ಇಸಿದುಕೊಂಡರು.

"ಏನಂದ್ರು ಅತ್ತಿಗೆ?" ಕೇಲಬ್ ಕೇಳಿದ.

"ಬರ್ಕೊಡಲ್ವಂತೆ. ಕುದುರೆ ಹೊಡ್ಕೊಂಡ್ ಹೋಗು."

"ಯಾಕಂತೆ?"

"ಹೇಳೋ ಹಾಗಿಲ್ಲ. ಆಕೆಯ ಗಂಡನ ಕಿವಿಗೆ ಬೀಳುತ್ತೆ."

ಕೇಲಬ್ ಟೋಪಿಯನ್ನು ನೋಡಿದ, ಅವರನ್ನು ನೋಡಿದ, ಕುದುರೆ ಬಿಚ್ಚಿಕೊಂಡು ಹೋದ. ಅದು ತಿರುವಿನಲ್ಲಿ ಮರೆಯಾಗುವವರೆಗೂ ಓಬೆಡ್ ಬೇಲಿಯ ಬಳಿಯೇ ಇದ್ದರು.

ರಾತ್ರಿ ಊಟಕ್ಕೆ ಕೂತು ರೊಟ್ಟಿಗೆ ಬೆಣ್ಣೆಯನ್ನು ಎಂದಿಗಿಂತ ದಪ್ಪಗೆ ಸವರಿಕೊಂಡರು. ತಲೆಯೆತ್ತದೆ ಕೇಳಿದರು: "ಬೆಳಿಗ್ಗೆ ಬಂದಿದ್ನಲ್ಲ, ಆ ಅಧಿಕಾರಿ. ಹೇಗೆ ಮನುಷ್ಯ?"

"ಒಳ್ಳೆಯವ್ರು ಕಣ್ರೀ. ಕೇಳಿದ್ಮೇಲೆ ಉತ್ತರಾನೂ ಕೇಳಿಸ್ಕೊಂಡ್ರು."

"ಮತ್ತೆ ಬರ್ತಾನಂತಾ?"

"ಬೇಕಾದಾಗ ಕರೆಸ್ತೀನಿ."

ಭಾನುವಾರ ಇಗರ್ಜಿಯ ಮೆಟ್ಟಿಲಲ್ಲಿ ಕೇಲಬ್‌ನ ಹೆಂಡತಿ ನನ್ನ ತೋಳು ಹಿಡಿದಳು. "ಅಲ್ಲಾ ಅಕ್ಕಾ, ನಮ್ಮೆಜಮಾನ ಅರ್ಧ ಗಂಟೆ ಟೋಪಿ ಕಾದ್ಕೊಂಡು ಕೂತಿದ್ನಂತೆ? ಒಳಗೆ ಏನ್ ನಡೀತು?"

ಓಬೆಡ್ ಎರಡು ಮೆಟ್ಟಿಲು ಕೆಳಗೆ, ಬೆನ್ನು ತಿರುಗಿಸಿ ನಿಂತಿದ್ದರು. ಕಿವಿ ಮತ್ತೆ ಕೆಂಪಾಗುತ್ತಿತ್ತು. ಇದನ್ನು ಇವಳಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದು ಆ ಕಿವಿಯನ್ನು ನೋಡುತ್ತಲೇ ನಿಶ್ಚಯಿಸಿದೆ.

"ಬೆಣ್ಣೆ ಬೇಕಿತ್ತೇನೇ?" ಎಂದೆ.