ಒರೆಸದ ಪೆಟ್ಟಿಗೆ

ಔಷಧ ಪ್ರಯೋಗಾಲಯದಲ್ಲಿ ಇಲಿ ನೋಡಿಕೊಳ್ಳುವವಳು ನಾನು. ಕೆಲಸ ವಿವರಿಸಿದರೆ ಕೇಳಿದವರಿಗೆ ಊಟ ಸೇರುವುದಿಲ್ಲ. ಎರಡು ಕೋಣೆಯ ಪೆಟ್ಟಿಗೆ; ಒಂದರಲ್ಲಿ ಬೆಳಕು, ಇನ್ನೊಂದರಲ್ಲಿ ಕತ್ತಲೆ. ಇಲಿ ಕತ್ತಲೆಗೆ ಓಡುತ್ತದೆ, ಕಾಲಿಗೆ ಕರೆಂಟು ಹೊಡೆಯುತ್ತದೆ. ಆಮೇಲೆ ಅದನ್ನು ಗಾಜಿನ ಜಾಡಿಯಲ್ಲಿಟ್ಟು, ನೆನಪು ಅಳಿಯಲೆಂದು ಆಮ್ಲಜನಕ ಕಡಿಮೆ ಮಾಡುತ್ತೇವೆ. ಮರುದಿನ ಮತ್ತೆ ಪೆಟ್ಟಿಗೆಗೆ. ನೆನಪಿದ್ದರೆ ಬಾಗಿಲಲ್ಲೇ ನಿಲ್ಲುತ್ತದೆ, ಮರೆತಿದ್ದರೆ ಕತ್ತಲೆಗೆ ನುಗ್ಗುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಇಲ್ಲಿ ಆ ಬೆಕ್ಕು ನಾನೇ.

ನನ್ನ ಗಂಡ ವೆಲ್ಡರ್. ಎಂಟು ತಿಂಗಳ ಹಿಂದೆ ಮುಚ್ಚಿದ ಟ್ಯಾಂಕಿನೊಳಗೆ ಉಸಿರುಕಟ್ಟಿ ಬಿದ್ದರು. ಜೀವ ಉಳಿಯಿತು. ಅಂದಿನಿಂದ ಬೆಳಿಗ್ಗೆ ಆದದ್ದು ಸಂಜೆಗೆ ನೆನಪಿಲ್ಲ; ಕೆಲವೊಮ್ಮೆ ಆಗಷ್ಟೇ ಹೇಳಿದ್ದೂ ಇಲ್ಲ.

ಹಾಗಾಗಿ ಜಾಡಿಯಿಂದ ತೆಗೆದ ಮೇಲೆ ನೆನಪು ಮರಳಿಸಲೆಂದು ಹೊಸ ಔಷಧ ಕೊಟ್ಟ ಹತ್ತು ಇಲಿಗಳಲ್ಲಿ ಒಂಬತ್ತು ಬಾಗಿಲಲ್ಲೇ ನಿಂತಾಗ ನನಗೆ ಅಳು ಬಂತು.

“ಮೇಡಂ, ಎಂಟು ತಿಂಗಳಾದವ್ರಿಗೂ ಇದು ಕೆಲ್ಸ ಮಾಡುತ್ತಾ?”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಬೇಡ,” ಅಂದರು ಸಂಶೋಧಕಿ. ಆದರೆ ಅವರ ಮುಖವೂ ಅರಳಿತ್ತು.

ಸಂಜೆ ಕಸದ ಬುಟ್ಟಿ ಖಾಲಿ ಮಾಡುವಾಗ ಸ್ಪಿರಿಟ್ಟಿನ ಬರಿದಾದ ಬಾಟಲಿ ಕಣ್ಣಿಗೆ ಬಿತ್ತು. ಒಂದು ಇಲಿ ಹೆದರಿ ಉಚ್ಚೆ ಹೊಯ್ದರೆ ಆ ವಾಸನೆಗೇ ಮುಂದಿನದು ಹಿಂಜರಿಯುತ್ತದೆ. ಅದಕ್ಕೇ ಪ್ರತಿ ಸಲ ಪೆಟ್ಟಿಗೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಅಂದು ಬೆಳಿಗ್ಗೆ ಅದರಲ್ಲೇ ಬೇರೆ ಇಲಿಗಳಿಗೆ ಕರೆಂಟು ಕೊಟ್ಟಿದ್ದೆ. ಸ್ಪಿರಿಟ್ ಮುಗಿದಿತ್ತು, ತರಲು ಹೊತ್ತಾಗುತ್ತದೆಂದು ಒಣಬಟ್ಟೆಯಲ್ಲಿ ಉಜ್ಜಿ, ಔಷಧದ ಇಲಿಗಳನ್ನು ಬಿಟ್ಟಿದ್ದೆ.

ಬಾಯಿ ಮುಚ್ಚಿಕೊಂಡಿದ್ದರೆ ಔಷಧ ಮುಂದಕ್ಕೆ ಹೋಗುತ್ತಿತ್ತು. ಎರಡು ದಿನ ಮುಚ್ಚಿಕೊಂಡೇ ಇದ್ದೆ, ನಾಚಿಕೆಯಾಗುತ್ತದೆ ಹೇಳಲು. ಮೂರನೇ ದಿನ ತಡೆಯಲಾರದೆ ಹೇಳಿಬಿಟ್ಟೆ.

ಮೇಡಂ ಬೈಯಲಿಲ್ಲ. “ಇನ್ನೊಂದ್ಸಲ ಮಾಡೋಣ. ಈ ಸಲ ನಾನೇ ಒರೆಸ್ತೀನಿ.”

ಹೊಸ ಹತ್ತು ಇಲಿಗಳು, ಅದೇ ಔಷಧ. ಒಂಬತ್ತು ನೇರ ಕತ್ತಲೆಗೆ ನುಗ್ಗಿದವು.

ಅಂದು ಮನೆಗೆ ಬಂದು ಹಾಲು ಕಾಯಿಸಲು ಇಟ್ಟೆ. ಗಂಡ ಅಡುಗೆಮನೆಗೆ ಬಂದರು. ಹಿಂದಿನ ದಿನ ಬಿಸಿ ಪಾತ್ರೆ ಮುಟ್ಟಿ ಸುಟ್ಟುಕೊಂಡ ಬೆರಳುಗಳಿಗೆ ನಾನೇ ಬಟ್ಟೆ ಸುತ್ತಿದ್ದೆ. ಅದೇ ಕೈಯನ್ನು ಉರಿಯ ಮೇಲಿದ್ದ ಪಾತ್ರೆಗೆ ಚಾಚಿದರು.

“ರೀ, ಕೈ ತೆಗೀರಿ!” ಎಂದು ಎಳೆದೆ.

ಅವರು ಬಟ್ಟೆಯನ್ನೇ ನೋಡಿದರು. “ಇದ್ಯಾಕೆ ಕಟ್ಟಿದ್ದೀಯ?”

ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಕೈ ಮತ್ತೆ ಪಾತ್ರೆಯತ್ತ ಹೋಗಿತ್ತು.