ಹೊರಗೆ ತೆಗೆ, ಅವ್ವೆ

ಸರಣ್ಯಾಳ ಒಂದು ಜಡೆ ಮುಗಿದು ಇನ್ನೊಂದು ಅರ್ಧಕ್ಕೆ ಬಂದಿತ್ತು, ಫೋನ್ ಸದ್ದು ಮಾಡಿತು. ಬೇರೆ ಯಾವ ಸದ್ದಾಗಿದ್ದರೂ ವಳ್ಳಿ ಜಡೆಯಿಂದ ಕೈ ತೆಗೆಯುತ್ತಿರಲಿಲ್ಲ. ಇದು ಸಾವಿನ ಗುಂಪಿನ ಸದ್ದು.

ಸುತ್ತಲಿನ ಹಟ್ಟಿಗಳವರೆಲ್ಲ ಸೇರಿ ಮಾಡಿಕೊಂಡಿದ್ದ ಆ ಗುಂಪಿನಲ್ಲಿ ಮದುವೆಯ ಸುದ್ದಿ ಹಾಕುವಂತಿಲ್ಲ, ಹಬ್ಬದ ಶುಭಾಶಯ ಹಾಕುವಂತಿಲ್ಲ, ಫ್ಯಾಕ್ಟರಿಯಲ್ಲಿ ಚಾಯದ ಎಲೆಗೆ ಇವತ್ತು ಏನು ರೇಟು ಎಂದು ಕೇಳುವಂತೆಯೂ ಇಲ್ಲ. ಯಾರಾದರೂ ತೀರಿಹೋದರೆ ಮಾತ್ರ ಅದು ಕೂಗುತ್ತದೆ. ಕೂಗಿತೆಂದರೆ ಕೈಯಲ್ಲಿದ್ದುದನ್ನು ಬಿಟ್ಟು ನೋಡಲೇಬೇಕು. ಯಾವ ಹಟ್ಟಿ, ಯಾರ ಮನೆ, ನಮಗೇನಾಗಬೇಕು, ಯಾವ ಬಸ್ಸಿಗೆ ಹೊರಡಬೇಕು.

ವಳ್ಳಿ ಬಾಚಣಿಗೆಯನ್ನು ಮಗಳ ತಲೆಯಲ್ಲೇ ಸಿಕ್ಕಿಸಿ ಫೋನ್ ಎತ್ತಿಕೊಂಡಳು. ಉರಿಯುವ ಮೇಣದಬತ್ತಿಯ ಚಿತ್ರ. ಕೆಳಗೆ ತಮಿಳಿನಲ್ಲಿ, ‘ಯಾರು ಹೋಗಿಬಿಟ್ಟರು ನೋಡಿ, ನಿಮಗೆ ಗೊತ್ತಿರುವವರೇ’ ಎಂದಿತ್ತು. ಹೆಸರಿಲ್ಲ, ಹಟ್ಟಿಯಿಲ್ಲ, ಒಂದು ಲಿಂಕ್ ಮಾತ್ರ. ಒತ್ತಿದಳು. ಆ್ಯಪ್‌ನ ಒಳಗೇ ಒಂದು ಪುಟ ಬಿಚ್ಚಿಕೊಂಡು, ಫೋಟೋ ನೋಡಲು ಆ್ಯಪ್‌ನ ಪಾಸ್‌ವರ್ಡ್ ಹಾಕಿ ಎಂದಿತು.

ಸರಣ್ಯಾ ಕತ್ತು ತಿರುಗಿಸಿ ಇಣುಕಿದಳು. “ಒಳಗೆ ಬೇಡ, ಹೊರಗೆ ತೆಗೆ, ಅವ್ವೆ. ಮೇಲೆ ಮೂರು ಚುಕ್ಕಿ ಇದೆಯಲ್ಲ, ಅದ ಒತ್ತಿ ಬ್ರೌಸರ್‌ಗೆ ಹೋಗು. ಇಲ್ಲಿ ಅಡ್ರೆಸ್ಸೇ ಸರಿಯಾಗಿ ಕಾಣದು.”

“ಅಲ್ಲಾಡಬೇಡ. ಸತ್ತದ್ದು ಯಾರೋ ಏನೋ, ಇವಳದೊಂದು ಒಳಗೆ ಹೊರಗೆ!”

ಐದನೇ ತರಗತಿಯ ಹುಡುಗಿ. ಟೀಚರ್ ಕಳಿಸುವ ಪಾಠದ ಲಿಂಕುಗಳನ್ನು ಅವಳು ತೆರೆಯುವುದೇ ಹಾಗೆ. ಒಳಗೆ ತೆರೆದರೆ ಅರ್ಧ ಪಾಠದಲ್ಲಿ ಯಾರಾದರೂ ಫೋನ್ ಮಾಡಿದಾಗ ಪುಟವೇ ಮಾಯ. ಹೊರಗೆ, ಫೋನಿನ ಬ್ರೌಸರ್‌ನಲ್ಲಾದರೆ ಬಿಟ್ಟಲ್ಲೇ ಸಿಗುತ್ತದೆ. ವಳ್ಳಿ ಅದನ್ನು ದಿನವೂ ನೋಡುತ್ತಿದ್ದಳು. ಆದರೆ ಸಾವಿನ ಮುಂದೆ ಅಷ್ಟೆಲ್ಲ ಯೋಚಿಸುವವರು ಯಾರು? ಪಾಸ್‌ವರ್ಡ್ ಹಾಕಿದಳು. ಒಂದು ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಫೋಟೋ ಬರಲಿಲ್ಲ. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಉಳಿದರ್ಧ ಜಡೆಯನ್ನು ಹೇಗೋ ಸುತ್ತಿ ಮಗಳನ್ನು ಓಡಿಸಿ, ಫೋನನ್ನು ಚಾರ್ಜಿಗೆ ಹಾಕಿ, ಅವಳು ಎಲೆ ಕೀಳಲು ತೋಟಕ್ಕೆ ಇಳಿದಳು.

ಮಧ್ಯಾಹ್ನ ಮೇಲಿನ ರಸ್ತೆಯಲ್ಲಿ ಜೀಪು ನಿಂತಿತು. ಹೆಂಗಸರ ಅಳು ತೋಟದವರೆಗೂ ಇಳಿದು ಬಂತು. ವಳ್ಳಿ ಮನೆಗೆ ಓಡಿದಳು. ಸೋಲೂರಿನಿಂದ ಮಾವನ ತಂಗಿ ತಂಗಮ್ಮ ಬಂದಿದ್ದಳು, ಜೊತೆಗೆ ಜೀಪು ತುಂಬ ನೆಂಟರು. ಗಂಡಸರ ಹೆಗಲ ಮೇಲೆ ಬಿಳಿ ಶಾಲು. ತಂಗಮ್ಮ ಎದೆ ಬಡಿದುಕೊಳ್ಳುತ್ತ, “ಅಣ್ಣಾ, ನನ್ನ ಬಿಟ್ಟು ಹೋದೆಯಾ, ಅಣ್ಣಾ” ಎಂದು ಅಂಗಳಕ್ಕೆ ಕಾಲಿಟ್ಟವಳು ಹಾಗೇ ನಿಂತಳು.

ಅಂಗಳದ ಬಿಸಿಲಿನಲ್ಲಿ, ಆಸ್ಪತ್ರೆಯಿಂದ ಹೋದ ವಾರವಷ್ಟೇ ಮನೆಗೆ ಬಂದಿದ್ದ ಮಾವ ಹಾಲನ್, ಚಾಯದಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ.

“ಏನ ತಂಗಿ, ಯಾರು ಹೋದದ್ದು?” ಎಂದ.

ಗಂಡಸರು ಹೆಗಲಿನ ಶಾಲು ಇಳಿಸಿಕೊಂಡರು. ಕೊನೆಗೆ ಜೀಪಿನ ಡ್ರೈವರ್, “ನೀವೇ, ಅಯ್ಯಾ” ಎಂದ.

“ನಾನಾ? ನನಗೇ ಒಬ್ಬರೂ ಹೇಳಲಿಲ್ಲವಲ್ಲ!”

ಒಬ್ಬಿಬ್ಬರು ನಕ್ಕರು. ತಂಗಮ್ಮ ನಗಲಿಲ್ಲ. ಅವಳ ಅಳು ಒಣಗುವ ಮೊದಲೇ ಸಿಟ್ಟಾಯಿತು. ವಳ್ಳಿಯ ಹೆಸರಿನಿಂದ, ಅದೇ ಮೇಣದಬತ್ತಿಯ ಚಿತ್ರ, ಅದೇ ಮಾತು, ಸಾವಿನ ಗುಂಪಿಗೂ ನೆಂಟರಿಗೆಲ್ಲ ಬೇರೆಬೇರೆಯಾಗಿಯೂ ಹೋಗಿತ್ತು. ಇತ್ತಲಾರು ಹಟ್ಟಿಯ ವಳ್ಳಿ ಕಳಿಸಿದ್ದಾಳೆ, ಆ ಮನೆಯಲ್ಲಿ ಕಾಯಿಲೆಯ ಮುದುಕನಿದ್ದಾನೆ. ಇನ್ನೇನು ಬೇಕು? ಸಾವಿನ ಮನೆಗೆ ಫೋನ್ ಮಾಡಿ ‘ನಿಜವಾ’ ಎಂದು ಕೇಳುವುದು ಅವರಲ್ಲಿ ಇಲ್ಲ. ಹೊರಡುವುದಷ್ಟೇ.

“ಏನ ಆಟ ಇದು, ವಳ್ಳಿ? ಬದುಕಿರುವವನಿಗೆ ಸಾವು ಕಳಿಸುವರಾ? ದಾರಿಯುದ್ದ ಅತ್ತುಕೊಂಡು ಬಂದೆ ನಾ!”

ಹಟ್ಟಿಯವರೂ ಅಷ್ಟರಲ್ಲಿ ಅಂಗಳದ ಸುತ್ತ ಸೇರಿದ್ದರು. ಯಾರ ಫೋನಿಗೆ ಏನು ಬಂದರೂ ಓದಿಸಿಕೊಳ್ಳಲು ಅವರು ಬರುತ್ತಿದ್ದದ್ದು ವಳ್ಳಿಯ ಹತ್ತಿರ. “ಕಂಡ ಕಂಡದ್ದನ್ನೆಲ್ಲ ಒತ್ತಬೇಡಿ, ನನ್ನ ಕೇಳಿ” ಎಂದು ಅವರಿಗೆ ಬುದ್ಧಿ ಹೇಳುತ್ತಿದ್ದದ್ದೂ ಅವಳೇ. ಅಷ್ಟೂ ಕಣ್ಣುಗಳು ಈಗ ಅವಳ ಮೇಲಿದ್ದವು. ಎಲೆಯ ಕಲೆ ಹತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಬಾಯಿಂದ ಮಾತು ತಾನಾಗಿ ಬಂತು.

“ನಾ ಅಲ್ಲ ಮಾಮಿ. ಕೂಸು ಬೆಳಿಗ್ಗೆ ಫೋನ್ ಹಿಡಿದಿತ್ತು.”

ಹೇಳಿದ್ದು ಅಷ್ಟೇ. ಅಂಗಳವೆಲ್ಲ ಹಗುರಾಯಿತು. “ಹಾಗೆ ಹೇಳು!” “ಈ ಮಕ್ಕಳ ಕೈಗೆ ಫೋನ್ ಕೊಟ್ಟರೆ ಇದೇ!” “ನಮ್ಮ ಮನೆಯದೂ ಹೀಗೇ.” ಯಾರೋ ಒಲೆ ಹತ್ತಿಸಿ ಚಾಯಕ್ಕೆ ನೀರಿಟ್ಟರು. ಸಾವಿಗೆ ಬಂದವರು ಚಾಯ ಕುಡಿದು, ಹಾಲನ್‌ನ ಮುಂದೆ ತಲೆ ಬಗ್ಗಿಸಿ ಹರಸಿಸಿಕೊಂಡು ಹೊರಟರು. ಮಂಡಿನೋವೆಂದು ತಂಗಮ್ಮ ಅಣ್ಣನ ಮನೆಯಲ್ಲೇ ಉಳಿದಳು.

ವಳ್ಳಿಗೆ ಮಾತ್ರ ಏನೂ ಹಗುರಾಗಲಿಲ್ಲ. ಬಂದವರು ಹೋಗಲಿ, ಆಮೇಲೆ ನಿಜ ಹೇಳಿದರಾಯಿತು ಎಂದುಕೊಂಡಿದ್ದಳು. ಅವರು ಹೋದಮೇಲೆ, ಮಾಮಿ ಸ್ವಲ್ಪ ಮಲಗಿ ಏಳಲಿ ಎಂದುಕೊಂಡಳು. ಮಾಮಿ ಎದ್ದು ಕೂತಾಗ ಎಲೆಯ ಚೀಲ ಹೊತ್ತು ರಸ್ತೆಗೆ ನಡೆದಳು. ಸುಳ್ಳಿಗೆ ಒಂದು ಉಸಿರು ಸಾಕಾಗಿತ್ತು. ನಿಜಕ್ಕೆ ಎಷ್ಟು ಉಸಿರು ಎಳೆದುಕೊಂಡರೂ ಸಾಲುತ್ತಿರಲಿಲ್ಲ.

ಎಲೆ ತೂಗುವ ಶೆಡ್ಡಿನ ಮುಂದೆಯೇ ಶಾಲೆಯ ಬಸ್ಸು ನಿಲ್ಲುವುದು. ಸರಣ್ಯಾ ಇಳಿದಳು. ಬೆಳಗಿನ ಅವಸರದ ಜಡೆ ಪೂರ್ತಿ ಬಿಚ್ಚಿಹೋಗಿತ್ತು.

“ಏ ಸರಣ್ಯಾ!” ತೂಕಕ್ಕೆ ಕಾದು ನಿಂತಿದ್ದ ರಾಜಾಮಣಿ ಕೂಗಿದಳು. “ಹೆತ್ತಪ್ಪನ ಸಾಯಿಸಿಬಿಟ್ಟೆಯಲ್ಲ, ಬದುಕಿರುವ ತಾತನ! ನಾಳೆ ನನ್ನ ಅತ್ತೆಯನ್ನೂ ಒಂದು ಕೈ ನೋಡು.”

ಹೆಂಗಸರೆಲ್ಲ ಗೊಳ್ಳೆಂದರು. ಹುಡುಗಿ ಅರ್ಥವಾಗದೆ ನಕ್ಕಳು. ಆಮೇಲೆ ಯಾರೋ ಬಿಡಿಸಿ ಹೇಳಿದರು, ಫೋನು, ಲಿಂಕು, ಸೋಲೂರಿನ ಜೀಪು, “ನಿನ್ನ ಅವ್ವೆಯೇ ಹೇಳಿದಳು” ಎಂದು. ಆ ನಗು ಅವಳ ಮುಖದಿಂದ ನಿಧಾನವಾಗಿ ಇಳಿಯುವುದನ್ನು ವಳ್ಳಿ ನೋಡಿದಳು. ಮಗಳು ಇತ್ತ ತಿರುಗುವ ಮೊದಲೇ ಚೀಲದ ಬಾಯಿ ಬಿಚ್ಚತೊಡಗಿದಳು, ಅದು ಆಗಲೇ ಬಿಚ್ಚಿತ್ತು.

ಇಬ್ಬರೂ ಮನೆಯ ಕಡೆ ನಡೆದರು. ದಿನವೂ ಕೈ ಹಿಡಿಯುತ್ತಿದ್ದ ಹುಡುಗಿ ಇವತ್ತು ಹಿಡಿಯಲಿಲ್ಲ. ಹಿಡಿಯಬೇಕೆಂದು ವಳ್ಳಿಯ ಕೈ ಎರಡು ಸಲ ಮುಂದೆ ಹೋಗಿ ಹಿಂದೆ ಬಂತು.

ಮನೆಯಲ್ಲಿ ಗಂಡನ ಚಿಕ್ಕಪ್ಪನ ಮಗ ವಸಂತಕುಮಾರ್ ಕಾದಿದ್ದ. ಸಾವಿನ ಗುಂಪನ್ನು ನೋಡಿಕೊಳ್ಳುವವನು ಅವನೇ. ವಳ್ಳಿಯ ಫೋನ್ ಹಿಡಿದು, ಪಾಸ್‌ವರ್ಡ್ ಬದಲಿಸಿ, ಗುಂಪಿಗೆ ‘ಸುಳ್ಳು ಸುದ್ದಿ, ಯಾರೂ ಲಿಂಕ್ ಒತ್ತಬೇಡಿ’ ಎಂದು ಹಾಕಿದ. ಆಮೇಲೆ ಅದೇ ಲಿಂಕನ್ನು ಹೊರಗಿನ ಬ್ರೌಸರ್‌ನಲ್ಲಿ ತೆರೆದು ತೋರಿಸಿದ. ಪರದೆಯೆಲ್ಲ ಕೆಂಪಾಗಿ, ಇದು ಮೋಸದ ಪುಟ, ಹಿಂದಕ್ಕೆ ಹೋಗಿ ಎಂದಿತು.

“ಹೊರಗೆ ತೆರೆದಿದ್ದರೆ ಇದು ಹೀಗೇ ತಡೆಯುತ್ತಿತ್ತು, ಅತ್ತಿಗೆ. ಯಾರೋ ಆ್ಯಪ್‌ನ ಒಳಗೇ ತೆರೆದು ಪಾಸ್‌ವರ್ಡ್ ಕೊಟ್ಟಿದ್ದಾರೆ. ಅದ ಹಿಡಿದು ಮೋಸದವರು ನಿಮ್ಮ ಹೆಸರಿನಲ್ಲಿ ಎಲ್ಲರಿಗೂ ಕಳಿಸಿದ್ದಾರೆ.” ಬ್ರೌಸರ್‌ನಲ್ಲಿ ಹಿಂದೆ ತೆರೆದ ಪುಟಗಳನ್ನು ಅವನ ಹೆಬ್ಬೆರಳು ಮೇಲಕ್ಕೆ ಸರಿಸಿತು. ಗಣಿತ, ವಿಜ್ಞಾನ, ತಮಿಳು ಪದ್ಯ, ಮತ್ತೆ ಗಣಿತ. ಹೆಬ್ಬೆರಳು ನಿಂತಿತು. “ಕೂಸಿನದೆಲ್ಲ ಇಲ್ಲಿದೆ. ಇವಳು ಒಳಗೆ ತೆರೆಯುವವಳೇ ಅಲ್ಲವಲ್ಲ…”

ಅವನು ತಲೆ ಎತ್ತಿ ವಳ್ಳಿಯನ್ನು ನೋಡಿದ. ವಳ್ಳಿ ಒಲೆಯ ಕಡೆ ತಿರುಗಿ, ಉರಿಯುತ್ತಿದ್ದ ಸೌದೆಯನ್ನೇ ಮತ್ತೊಮ್ಮೆ ಒಳಕ್ಕೆ ತಳ್ಳಿದಳು. ವಸಂತಕುಮಾರ್ ಫೋನನ್ನು ಮೆಲ್ಲಗೆ ಮಣೆಯ ಮೇಲಿಟ್ಟ. “ಹೋಗಲಿ ಬಿಡಿ. ಸರಿಯಾಯಿತಲ್ಲ,” ಎಂದ. ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

“ಏನ ಸರಿ?” ತಂಗಮ್ಮ ಗೋಡೆಗೊರಗಿ ಕಾಲು ಚಾಚಿದ್ದವಳು ನೆಟ್ಟಗೆ ಕೂತಳು. “ತಪ್ಪು ಮಾಡಿದ ಕೂಸು ತಲೆ ಬಗ್ಗಿಸಲಿ. ಅಣ್ಣನ ಮುಂದೆ, ನನ್ನ ಮುಂದೆ. ತಲೆ ಮೇಲೆ ಕೈ ಇಟ್ಟು ಹರಸಿದರೆ ತೀರಿತು. ಮನಸ್ಸಿನಲ್ಲಿ ಇಟ್ಟುಕೊಂಡು ನಾ ಸೋಲೂರಿಗೆ ಹೋಗುವವಳಲ್ಲ. ಬಾ, ಸರಣ್ಯಾ.”

“ಬಿಡು ತಂಗಿ, ಚಿಕ್ಕದು ಅದು,” ಎಂದ ಹಾಲನ್. “ಸತ್ತವನಿಗೇ ಸಿಟ್ಟಿಲ್ಲ, ನಿನಗೇನ?”

“ಚಿಕ್ಕದಿರುವಾಗಲೇ ಬಗ್ಗಿದರೆ ಚಂದ. ಬಾ ಕೂಸು.”

ಆ ತಲೆ ದೊಡ್ಡವರ ಮುಂದೆ ಎಷ್ಟೋ ಸಲ ಬಗ್ಗಿತ್ತು. ಹಬ್ಬಕ್ಕೆ, ಪರೀಕ್ಷೆಗೆ, ಊರಿಗೆ ಹೊರಡುವಾಗ. ಯಾರ ಕೈ ಮೇಲೆ ಬಂದರೂ ಅವಳು ಕಣ್ಣು ಮುಚ್ಚಿ ನಗುತ್ತಿದ್ದಳು. ಆ ಬಗ್ಗುವುದನ್ನು ಅವಳಿಗೆ ಕಲಿಸಿದ್ದೂ ವಳ್ಳಿಯೇ, ಎರಡು ವರ್ಷದವಳಿದ್ದಾಗ, ಪುಟ್ಟ ಕುತ್ತಿಗೆಯನ್ನು ತನ್ನ ಎರಡು ಬೆರಳಿನಿಂದ ಮೆತ್ತಗೆ ಒತ್ತಿ. ಈಗ ಹೇಳಬೇಕು, ಈಗಲೇ, ಎಂದು ವಳ್ಳಿ ಬಾಯಿ ತೆರೆದಳು. ಅದೇ ಬಾಯಿಂದ ಒಲೆಯನ್ನು ಊದಿದಳು.

ಸರಣ್ಯಾ ಶಾಲೆಯ ಚೀಲ ಇಳಿಸಿ ತಂಗಮ್ಮನ ಮುಂದೆ ಹೋಗಿ ನಿಂತಳು. ಮುದುಕಿಯ ಕೈ ಮೇಲೆದ್ದಿತು. ಹುಡುಗಿಯ ತಲೆ ಬಗ್ಗಲಿಲ್ಲ. ಅವಳು ತಿರುಗಿ ಒಲೆಯ ಬಳಿ ನಿಂತಿದ್ದ ತಾಯಿಯ ಮುಖ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ನೀರೂ ಇರಲಿಲ್ಲ. ಶೆಡ್ಡಿನಿಂದ ಹಟ್ಟಿಯವರೆಗೆ ಹಿಡಿದಿಟ್ಟುಕೊಂಡು ಬಂದದ್ದನ್ನು, ಎಲ್ಲರಿಗೂ ಕೇಳುವಂತೆ ಕೇಳಿದಳು.

“ಅವ್ವೆ, ಬೆಳಿಗ್ಗೆ ಅದ ಒತ್ತಿದ್ದು ನಾನಾ?”